ಬೆನ್ನೆಲುಬಿಲ್ಲದ ನೆರೆಹೊರೆ

ನಮ್ಮ ಗೇರು ಗುಡ್ಡೆಗಳಲ್ಲಿ ಒಂದು ಕೀಟವಿದೆ. ಚಹಾ ಸೊಳ್ಳೆ ಎಂದು ಅದಕ್ಕೆ ಹೆಸರು. ಕೆಲವರು ಟೀ ಸೊಳ್ಳೆ ಎನ್ನುತ್ತಾರೆ. ಮಲಯಾಳದಲ್ಲಿ ತೇಯಿಲ ಕೊದುಕು. ಹೆಸರು ಮೂರಾದರೂ ತಪ್ಪು ಒಂದೇ. ಅದು ಸೊಳ್ಳೆಯಲ್ಲ, ನಮ್ಮ ಊರಿನಲ್ಲಿ ಅದಕ್ಕೆ ಚಹಾ ಗಿಡದ ಗೊಡವೆಯೂ ಇಲ್ಲ. ಇದೇ ಕುಲದ ಕೀಟಗಳು ಚಹಾ ತೋಟಗಳನ್ನು ಮುತ್ತುವುದರಿಂದ ಆ ಹೆಸರು ಅಂಟಿಕೊಂಡಿತು. ನಿಜಕ್ಕೆ ಇದು ಹಿಂದಿನ ಕಾಲದಲ್ಲಿ ಮಂಚದ ಸಂದಿಯಲ್ಲಿ ಅಡಗಿ ನಿದ್ದೆ ಕೆಡಿಸುತ್ತಿದ್ದ ತಿಗಣೆಯ ದೂರದ ದಾಯಾದಿ.

ಅಕ್ಕಿಕಾಳಿನಷ್ಟು ಉದ್ದ, ಕೆಂಪು ಮಿಶ್ರಿತ ಕಂದು ಮೈ, ಕಪ್ಪು ತಲೆ, ಬೆನ್ನಿನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಮುಳ್ಳು. ಈ ಮುಳ್ಳನ್ನು ಕಂಡವರಿಗೆ ಬೇರೆ ಗುರುತು ಬೇಡ. ಸೂಜಿಯಂತಹ ಮೂತಿಯನ್ನು ಎಳೆ ಚಿಗುರಿಗೂ ಹೂಗೊಂಚಲಿಗೂ ಚುಚ್ಚಿ ರಸ ಹೀರುತ್ತದೆ. ಬರಿಯ ರಸ ಹೀರಿದ್ದರೆ ಗಿಡ ಹೇಗೋ ತಾಳಿಕೊಳ್ಳುತ್ತಿತ್ತು. ಹೀರುವಾಗ ಒಳಗೆ ಬಿಡುವ ಜೊಲ್ಲು ಗಿಡಕ್ಕೆ ನಂಜು. ಚುಚ್ಚಿದಲ್ಲೆಲ್ಲ ಕಪ್ಪು ಕಲೆ ಬಿದ್ದು ಹೂಗೊಂಚಲು ಬೆಂಕಿ ತಾಗಿದಂತೆ ಕರಟುತ್ತದೆ, ಎಳೆ ಬೀಜ ಉದುರುತ್ತದೆ. ಮೊಟ್ಟೆಯನ್ನು ಎಳೆ ತೊಟ್ಟಿನ ಒಳಗೆ ಹುದುಗಿಸಿ ಇಡುವುದರಿಂದ ಹೊರಗಿನಿಂದ ಅದು ಕಾಣಿಸುವುದು ಕಷ್ಟ. ಮಳೆ ನಿಂತು ಗೇರು ಚಿಗುರಿದಂದಿನಿಂದ ಹೂ ಮುಗಿಯುವ ತನಕ ಅದಕ್ಕೆ ಹಬ್ಬ. ಕೆಟ್ಟ ವರ್ಷಗಳಲ್ಲಿ ಬೆಳೆಯ ಮೂರನೆಯ ಒಂದು ಪಾಲನ್ನು ಅದು ನುಂಗಿದ್ದುಂಟು. ಆದುದರಿಂದ ಅದು ಬೆಳೆಗಾರನ ಮಿತ್ರನೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ.

ಈ ಒಂದು ಕೀಟವನ್ನು ಕೊಲ್ಲುವುದಕ್ಕಾಗಿ 1970ರ ದಶಕದ ಕೊನೆಯಿಂದ 2000ದ ಡಿಸೆಂಬರದ ತನಕ ಕಾಸರಗೋಡಿನ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನಿನವು. ವಿಸ್ತಾರ ಎರಡು ಸಾವಿರ ಹೆಕ್ಟೇರಿಗೂ ಮಿಕ್ಕಿ. ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರ್ ಹಾರುತ್ತಿತ್ತು. ಗುಡ್ಡೆಯ ತಲೆಯಲ್ಲಿ ಗೇರು, ಬುಡದಲ್ಲಿ ಮನೆ, ಕಂಗಿನ ತೋಟ, ಸುರಂಗ, ಕೆರೆ, ತೋಡು ಇರುವುದು ನಮ್ಮ ಊರುಗಳ ಕ್ರಮ. ಮೇಲೆ ಬಿದ್ದುದು ಮಳೆಯೊಂದಿಗೆ ಕೆಳಗಿಳಿಯಲೇಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಹೆಸರು ಲೋಕಕ್ಕೆಲ್ಲ ಗೊತ್ತಾದುದು ಹೀಗೆ. ವಾಣೀನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಏನೋ ವಿಪರೀತವಿದೆಯೆಂದು ಕಂಡುಕೊಂಡರು. ಪತ್ರಕರ್ತ ಶ್ರೀ ಪಡ್ರೆಯವರು ಸಿಂಪರಣೆಯ ಆರಂಭದ ವರ್ಷಗಳಿಂದಲೇ ಬರೆದರು. ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ದಕ್ಷಿಣಕ್ಕೆ ಪುಲ್ಲೂರು-ಪೆರಿಯ, ಅಜಾನೂರು, ಕಯ್ಯೂರು-ಚೀಮೇನಿ ಹೀಗೆ 11 ಪಂಚಾಯತುಗಳ ಜನ ಸಂಕಟಪಟ್ಟರು. ಸರಕಾರದ ಪಟ್ಟಿಯಲ್ಲೇ ಸಂತ್ರಸ್ತರ ಸಂಖ್ಯೆ 6,000ಕ್ಕೂ ಮಿಕ್ಕಿದೆ. 2011ರ ಎಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ಜಗತ್ತಿನಿಂದಲೇ ತೊಲಗಿಸಲು ನಿರ್ಧರಿಸಿದವು. ಅದೇ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿತು.

ಇಷ್ಟು ಕತೆ ಓದುಗರಿಗೆ ತಿಳಿದದ್ದೇ. ಕೆಲವರ ಮನೆಯೊಳಗಿನ ಕತೆಯೂ ಹೌದು. ಆದರೆ ತರಗತಿಯಲ್ಲಿ ಮಕ್ಕಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳುವವರು ಕಡಿಮೆ. ಹುಳಕ್ಕೆ ಬಿಟ್ಟ ಮದ್ದು ಮನುಷ್ಯನಿಗೆ ಏಕೆ ತಾಗಬೇಕು? ಹುಳಕ್ಕೆ ಬೆನ್ನೆಲುಬಿಲ್ಲ, ನಮಗಿದೆ. ಅದರ ರಕ್ತ ಬೇರೆ, ಉಸಿರು ಬೇರೆ, ಕಾಲು ಆರು. ಇಷ್ಟು ವ್ಯತ್ಯಾಸವಿದ್ದ ಮೇಲೆ ವಿಷವೂ ಬೇರೆಯಾಗಬೇಡವೇ?

ಉತ್ತರ ನರದಲ್ಲಿದೆ. ಯಾವ ಪ್ರಾಣಿಯ ನರಮಂಡಲವಾದರೂ ಓಡು ಎನ್ನುವ ಸಂಕೇತದೊಂದಿಗೆ ನಿಲ್ಲು ಎನ್ನುವ ಸಂಕೇತವನ್ನೂ ಕೊಡಬೇಕು. ನಿಲ್ಲು ಎಂದು ಹೇಳುವ ರಾಸಾಯನಿಕ ದೂತನಿಗೆ ಗಾಬಾ ಎಂದು ಚುಟುಕು ಹೆಸರು. ಎಂಡೋಸಲ್ಫಾನ್ ಈ ದೂತ ತಟ್ಟುವ ಬಾಗಿಲಿಗೆ ಅಗಳಿ ಹಾಕುತ್ತದೆ. ನಿಲ್ಲಿಸುವವರಿಲ್ಲದ ನರ ಬಡಿದುಕೊಳ್ಳತೊಡಗುತ್ತದೆ. ಕೀಟ ನಡುಗಿ, ಸೆಟೆದು ಸಾಯುತ್ತದೆ. ಗಾಬಾ ಚಹಾ ಸೊಳ್ಳೆಯಲ್ಲಿಯೂ ಇದೆ, ಜೇನಿನಲ್ಲಿಯೂ ಇದೆ, ತೋಡಿನ ಮೀನಿನಲ್ಲಿಯೂ ಇದೆ, ತೊಟ್ಟಿಲಿನ ಮಗುವಿನಲ್ಲಿಯೂ ಇದೆ. ಮೀನಿಗಂತೂ ಈ ವಿಷ ಅತಿ ಘೋರ. ಬೆನ್ನೆಲುಬು ಎಂಬುದು ಪ್ರಾಣಿಲೋಕದಲ್ಲಿ ಬಹಳ ತಡವಾಗಿ ಬಂದ ಏರ್ಪಾಡು. ನರದ ಈ ಭಾಷೆ ಅದಕ್ಕಿಂತ ಎಷ್ಟೋ ಹಳೆಯದು. ಕಾಯಿಲೆಗಳಲ್ಲಿ ಯಾವುದಕ್ಕೆ ಎಷ್ಟರಮಟ್ಟಿಗೆ ಈ ವಿಷ ಕಾರಣ ಎಂಬ ವಾದ ತಜ್ಞರಲ್ಲಿ ನಡೆದದ್ದುಂಟು. ಆದರೆ ಹುಳವನ್ನು ಮಾತ್ರ ಹುಡುಕಿ ಕೊಲ್ಲುವ ವಿಷ ಇದಾಗಿರಲಿಲ್ಲ ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ.

ಇನ್ನು ಈ ಬೆನ್ನೆಲುಬಿಲ್ಲದವರು ಯಾರು ಎಂಬುದನ್ನು ನೋಡೋಣ. ಪಠ್ಯಪುಸ್ತಕದಲ್ಲಿ ಇವುಗಳಿಗೆ ಅಕಶೇರುಕಗಳು ಎಂದು ಹೆಸರು. ಕಶೇರು ಎಂದರೆ ಬೆನ್ನುಹುರಿಯ ಸುತ್ತಲಿನ ಮಣಿ, ಅದಿಲ್ಲದ್ದು ಅಕಶೇರುಕ. ಅರಿಸ್ಟಾಟಲನು ಪ್ರಾಣಿಗಳನ್ನು ರಕ್ತವುಳ್ಳವು, ರಕ್ತವಿಲ್ಲದವು ಎಂದು ವಿಂಗಡಿಸಿದ್ದ. ಕೆಂಪಗಿಲ್ಲದ ರಕ್ತ ಅವನ ಲೆಕ್ಕಕ್ಕೆ ಬರಲಿಲ್ಲ. ಬೆನ್ನೆಲುಬಿನ ಲೆಕ್ಕವನ್ನು 18ನೆಯ ಶತಮಾನದ ಕೊನೆಗೆ ತಂದವನು ಫ್ರಾನ್ಸಿನ ಲಾಮಾರ್ಕ್. ಒಂದು ದೊಡ್ಡ ಸಮೂಹವನ್ನು ಅದು ಏನಲ್ಲವೋ ಅದರಿಂದ ಗುರುತಿಸುವ ಈ ಕ್ರಮ ನಮಗೆ ಅಷ್ಟು ಹಿಡಿಸುವುದಿಲ್ಲ. ಅರ್ಜಿ ನಮೂನೆಗಳಲ್ಲಿ 'ಇತರ' ಎಂಬ ಕಲಮಿಗೆ ಗೀಟು ಹಾಕಿ ರೂಢಿಯಾದ ಭಾಷಾ ಅಲ್ಪಸಂಖ್ಯಾತರಿಗೆ ಇದರ ರುಚಿ ಗೊತ್ತು. ಆದರೆ ಇಲ್ಲಿ 'ಇತರ' ಎನಿಸಿಕೊಂಡವರೇ ಬಹುಸಂಖ್ಯಾತರು ಎಂಬುದು ತಮಾಷೆ. ವಿಜ್ಞಾನಿಗಳು ಈ ತನಕ ಹೆಸರಿಟ್ಟ ಪ್ರಾಣಿಜಾತಿಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಅಕಶೇರುಕಗಳು. ಕೀಟಗಳೇ ಸುಮಾರು 10 ಲಕ್ಷ ಜಾತಿ. ಅದರಲ್ಲಿ ದುಂಬಿಗಳ ಬಳಗವೊಂದೇ 4 ಲಕ್ಷಕ್ಕೆ ಸಮೀಪ. ಮೀನು, ಕಪ್ಪೆ, ಹಾವು, ಹಕ್ಕಿ, ಹಸು, ಮನುಷ್ಯ ಎಲ್ಲ ಸೇರಿದರೂ ಒಂದು ಲಕ್ಷ ಮುಟ್ಟುವುದಿಲ್ಲ. ರೈತ ದೇಶದ ಬೆನ್ನೆಲುಬು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ರೈತನ ಮಣ್ಣನ್ನು ಹದಮಾಡುವವರೂ ಹೂವನ್ನು ಕಾಯಿಮಾಡುವವರೂ ಬೆನ್ನೆಲುಬಿಲ್ಲದವರು.

ಇವುಗಳನ್ನು ನೋಡಲು ಪ್ರಯೋಗಾಲಯ ಬೇಡ. ಮಳೆಗಾಲದಲ್ಲಿ ಗುಡ್ಡೆಯಿಂದ ಇಳಿದು ಕಡಲ ತನಕ ಒಂದು ದಿನ ನಡೆದರೆ ಮುಖ್ಯ ಕುಟುಂಬಗಳಲ್ಲಿ ಹೆಚ್ಚಿನವುಗಳ ಪರಿಚಯವಾದೀತು.

ಅಂಗಳದಲ್ಲೇ ಎರೆಹುಳ ಸಿಗುತ್ತದೆ. ತುಳುವಿನಲ್ಲಿ ನಕ್ಕುರು, ಮಲಯಾಳದಲ್ಲಿ ಮಣ್ಣಿರ. ಅದಕ್ಕೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರಾಟ. ಆದುದರಿಂದಲೇ ಬಿಸಿಲಿಗೆ ಬಿದ್ದ ಎರೆಹುಳ ಚರ್ಮ ಒಣಗಿ ಉಸಿರುಗಟ್ಟಿ ಸಾಯುತ್ತದೆ. ಒಂದೇ ಹುಳದಲ್ಲಿ ಗಂಡೂ ಹೆಣ್ಣೂ ಇದ್ದರೂ ಸಂತಾನಕ್ಕೆ ಸಾಮಾನ್ಯವಾಗಿ ಇನ್ನೊಂದು ಹುಳ ಬೇಕು. ಎರಡು ತುಂಡು ಮಾಡಿದರೆ ಎರಡು ಹುಳವಾಗುತ್ತದೆ ಎಂದು ಪ್ರತಿ ತರಗತಿಯಲ್ಲಿಯೂ ಒಬ್ಬ ಹುಡುಗನಾದರೂ ವಾದಿಸುತ್ತಾನೆ. ಹಾಗಾಗುವುದಿಲ್ಲ, ತಲೆಯ ಭಾಗ ಬದುಕಿದರೂ ಬದುಕೀತು, ಬಾಲದ ತುಂಡು ಸಾಯುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು, 1881ರಲ್ಲಿ, ಬರೆದದ್ದು ಎರೆಹುಳದ ಮೇಲೆ. ಎಕರೆಯೊಂದರಲ್ಲಿ ವರ್ಷಕ್ಕೆ ಸುಮಾರು 10 ಟನ್ ಮಣ್ಣು ಇವುಗಳ ಹೊಟ್ಟೆಯನ್ನು ಹಾದುಹೋಗುತ್ತದೆಂದು ಅವನು ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದ್ದ. ಅಷ್ಟು ಮಣ್ಣು ಹೊರಲು ನಾವು ಎಷ್ಟು ಆಳು ಕರೆಯಬೇಕು, ಸಂಬಳ ಎಷ್ಟು ಕೊಡಬೇಕು ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ತೋಡಿನ ಬದಿಯಲ್ಲಿ ಏಡಿ, ತುಳುವರ ದೆಂಜಿ. ಏಡಿ, ಸಿಗಡಿ, ಜೇಡ, ಚೇಳು, ಜರಿ, ಚೋರಟೆ, ಕೀಟಗಳು ಎಲ್ಲ ಸಂಧಿಪದಿಗಳು. ಕಾಲುಗಳಲ್ಲಿ ಗಿಣ್ಣುಗಳಿರುವುದರಿಂದ ಆ ಹೆಸರು. ನಮ್ಮ ಎಲುಬು ಒಳಗೆ, ಇವುಗಳ ಎಲುಬಿನ ಕೆಲಸವೆಲ್ಲ ಹೊರಗಿನ ಚಿಪ್ಪಿನದು. ಚಿಪ್ಪು ಬೆಳೆಯದು, ಮೈ ಬೆಳೆಯುತ್ತದೆ. ಹಾಗಾಗಿ ಮೈ ಬೆಳೆದಾಗಲೆಲ್ಲ ಹಳೆಯ ಅಂಗಿ ಬಿಚ್ಚಿ ಹೊಸದು ಗಟ್ಟಿಯಾಗುವ ತನಕ ಏಡಿ ಮಾಟೆಯಲ್ಲಿ ಅಡಗಿ ಕುಳಿತುಕೊಳ್ಳಬೇಕು. ಆಗ ಅದನ್ನು ಮುಟ್ಟಿದರೆ ಬೆಣ್ಣೆಯಂತೆ ಮೆತ್ತಗೆ. ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿದೆ, ಗಾಳಿ ತಾಗಿದರೆ ನೀಲಿ. ಕಡಲ ಏಡಿಯ ಮರಿಗಳು ತಾಯಿಯ ಹೋಲಿಕೆಯೇ ಇಲ್ಲದ ಪುಟ್ಟ ಡಿಂಬಗಳಾಗಿ ನೀರಿನಲ್ಲಿ ತೇಲುತ್ತವೆ. ನಮ್ಮ ಗದ್ದೆಯ ಏಡಿ ಹಾಗಲ್ಲ; ಮೊಟ್ಟೆಯನ್ನು ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಹೊತ್ತುಕೊಂಡು ತಿರುಗಿ, ಸಾಸಿವೆಗಿಂತ ತುಸು ದೊಡ್ಡ, ಆದರೆ ಪೂರ್ತಿ ಏಡಿಗಳೇ ಆದ ಮರಿಗಳನ್ನು ನೀರಿಗಿಳಿಸುತ್ತದೆ. ಹರಿವ ತೋಡಿನಲ್ಲಿ ಡಿಂಬಗಳನ್ನು ತೇಲಬಿಟ್ಟರೆ ಅವು ಕಡಲು ಸೇರಿಯಾವು. ತಾಯಿಗೆ ಅದು ನಷ್ಟದ ವ್ಯಾಪಾರ.

ಕೀಟಗಳಿಗೆ ಮೂಗಿನಲ್ಲಿ ಉಸಿರಿಲ್ಲ. ಎದೆ ಹೊಟ್ಟೆಗಳ ಎರಡು ಪಕ್ಕದಲ್ಲಿ ಸಾಲಾಗಿ ಚಿಕ್ಕ ತೂತುಗಳಿವೆ. ಗಾಳಿ ಅಲ್ಲಿಂದ ಒಳಹೊಕ್ಕು ಕೊಳವೆಗಳ ಮೂಲಕ ನೇರವಾಗಿ ಮಾಂಸಖಂಡಕ್ಕೆ ಹೋಗುತ್ತದೆ. ರಕ್ತಕ್ಕೆ ಉಸಿರು ಹೊರುವ ಕೆಲಸವಿಲ್ಲದುದರಿಂದ ಅದು ಕೆಂಪಾಗಬೇಕಾಗಿಲ್ಲ. ಸೊಳ್ಳೆಯನ್ನು ಹೊಡೆದಾಗ ಕಾಣುವ ಕೆಂಪು ನಮ್ಮದೇ. ಸಾಬೂನು ನೀರು ಚಿಮುಕಿಸಿದರೆ ಮೆತ್ತಗಿನ ಕೀಟಗಳು ಸಾಯುವುದಕ್ಕೆ ಈ ತೂತುಗಳು ಮುಚ್ಚಿಹೋಗುವುದೂ ಒಂದು ಕಾರಣ.

ಕಡಲ ಬದಿಗೆ ಬಂದರೆ ಮೃದ್ವಂಗಿಗಳ ರಾಜ್ಯ. ಚಂದ್ರಗಿರಿ ಹೊಳೆಯ ಮರುವಾಯಿ, ಕಲ್ಲಿಗಂಟಿದ ಪಚ್ಚಿಲೆ, ಬಲೆಗೆ ಬೀಳುವ ಬೊಂಡಾಸು, ಅಂಗಳದ ಬಸವನಹುಳ ಎಲ್ಲ ಒಂದೇ ಮನೆತನ. ಪಚ್ಚಿಲೆಯನ್ನು ಮಲಯಾಳಿಗರು ಕಲ್ಲುಮ್ಮಕಾಯ ಎನ್ನುತ್ತಾರೆ. ಚೆರುವತ್ತೂರು, ಪಡನ್ನದ ಹಿನ್ನೀರಿನಲ್ಲಿ 1990ರ ದಶಕದಿಂದ ಹಗ್ಗಕ್ಕೆ ಕಟ್ಟಿ ಇದನ್ನು ಬೆಳೆಸುತ್ತಾರೆ. ಎಷ್ಟೋ ಹೆಂಗಸರ ಸಂಘಗಳಿಗೆ ಇದು ಆದಾಯ. ಇದಕ್ಕೆ ಮೇವು ಹಾಕಬೇಕಾಗಿಲ್ಲ, ನೀರನ್ನು ಸೋಸಿ ತಾನೇ ತಿನ್ನುತ್ತದೆ. ನೀರಿನಲ್ಲಿ ವಿಷವಿದ್ದರೆ ಅದನ್ನೂ ಸೋಸಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ಬೇರೆ ಮಾತು. ನಕ್ಷತ್ರ ಮೀನು ಮೀನಲ್ಲ. ಆದರೂ ಅಕಶೇರುಕಗಳಲ್ಲಿ ನಮಗೆ ರಕ್ತಸಂಬಂಧ ಹೆಚ್ಚು ಹತ್ತಿರ ಇರುವುದು ಜೇನಿಗಲ್ಲ, ಏಡಿಗಲ್ಲ, ಅದರ ಬಳಗಕ್ಕೆ.

ಮತ್ತೆ ಗುಡ್ಡೆಗೇ ಹಿಂದಿರುಗೋಣ. ಹೆಲಿಕಾಪ್ಟರ್ ಹಾರಿದಾಗ ಗೇರುಮರದಲ್ಲಿ ಚಹಾ ಸೊಳ್ಳೆಯೊಂದೇ ಇರಲಿಲ್ಲ. ಅದರ ವೈರಿಯೂ ಅಲ್ಲೇ ಇತ್ತು. ಚಗಳಿಯನ್ನು ನೋಡದವರು ಯಾರಿದ್ದಾರೆ? ಮಲಯಾಳದಲ್ಲಿ ಪುಳಿಯುರುಂಬು, ಅಂದರೆ ಹುಳಿ ಇರುವೆ. ಹುಳಿ ಎನ್ನುವುದು ಅದರ ಮೈಯ ಆಮ್ಲದಿಂದ. ಮಲೆನಾಡಿನ ಕೆಲವೆಡೆ ಚಗಳಿ ಚಟ್ನಿ ಮಾಡುವವರಿಗೆ ಈ ಹುಳಿಯೇ ಬೇಕಾದುದು. ಇದು ಕುಟುಕುವುದಿಲ್ಲ, ಕಚ್ಚಿದ ಗಾಯಕ್ಕೆ ಆಮ್ಲ ಸುರಿಯುತ್ತದೆ. ಉರಿ ಅದರದು.

ಚಗಳಿ ಕೊಟ್ಟೆ ಕಟ್ಟುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕು. ಒಂದಿರುವೆ ಇನ್ನೊಂದರ ಸೊಂಟ ಹಿಡಿದು ಸರಪಣಿಯಾಗಿ ಎರಡು ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಹೊಲಿಯಲು ನೂಲು ಬೇಕಲ್ಲ! ದೊಡ್ಡ ಇರುವೆಗಳಲ್ಲಿ ರೇಷ್ಮೆಯಿಲ್ಲ, ಮರಿಹುಳಗಳಲ್ಲಿದೆ. ಮರಿಯನ್ನು ದವಡೆಯಲ್ಲಿ ಮೆಲ್ಲಗೆ ಹಿಡಿದು ಈ ಎಲೆಯಿಂದ ಆ ಎಲೆಗೆ, ಆ ಎಲೆಯಿಂದ ಈ ಎಲೆಗೆ ತಾಗಿಸುತ್ತ ಹೋಗುತ್ತವೆ. ಮರಿಯ ಬಾಯಿಯ ನೂಲು ಎಲೆಗಳನ್ನು ಬೆಸೆಯುತ್ತದೆ. ನಮ್ಮ ನೇಕಾರನ ಲಾಳಿಯ ಹಾಗೆ. ಹತ್ತಾರು ಕೊಟ್ಟೆಗಳು, ಕೆಲವೊಮ್ಮೆ ಹಲವು ಮರಗಳು, ಎಲ್ಲಕ್ಕೂ ಒಬ್ಬಳೇ ರಾಣಿ. ಆ ಮರಗಳಲ್ಲಿ ಅನ್ಯ ಕೀಟಗಳಿಗೆ ಪ್ರವೇಶವಿಲ್ಲ. ಚಗಳಿ ತುಂಬಿದ ಗೇರುಮರದಲ್ಲಿ ಚಹಾ ಸೊಳ್ಳೆಯ ಕಾಟ ಕಡಿಮೆ ಎಂಬುದನ್ನು ಕೀಟತಜ್ಞರೂ ಒಪ್ಪಿದ್ದಾರೆ. ಇದು ಹೊಸ ಶೋಧವೂ ಅಲ್ಲ. ದಕ್ಷಿಣ ಚೀನದ ಕಿತ್ತಳೆ ಬೆಳೆಗಾರರು ಪೇಟೆಯಿಂದ ಚಗಳಿ ಕೊಟ್ಟೆ ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದರೆಂದು ಕ್ರಿ.ಶ. 304ರ ಸುಮಾರಿನ ಚೀನೀ ಗ್ರಂಥವೊಂದು ಹೇಳುತ್ತದೆ. ಸಾವಿರದ ಏಳುನೂರು ವರ್ಷಗಳ ಹಿಂದೆ ದುಡ್ಡು ಕೊಟ್ಟು ತರುತ್ತಿದ್ದುದನ್ನು ನಾವು ದುಡ್ಡು ಕೊಟ್ಟು ಕೊಂದೆವು.

ಚಗಳಿಗೂ ದೋಷವಿಲ್ಲವೆಂದಲ್ಲ. ಸಿಹಿ ಅಂಟಿನ ಆಸೆಗೆ ಹಿಟ್ಟುತಿಗಣೆಯಂತಹ ರಸ ಹೀರುವ ಕೆಲವು ಕೀಟಗಳನ್ನು ಅದು ಹಸು ಸಾಕಿದಂತೆ ಸಾಕುತ್ತದೆ. ಬೀಜ ಕೊಯ್ಯಲು ಮರ ಹತ್ತಿದವನ ಮೈಗೂ ಹತ್ತುತ್ತದೆ. ಗೇರುಬೀಜ ಹೇಗೂ ಹಣ್ಣಾಗಿ ಕೆಳಗೆ ಬೀಳುವಂಥದ್ದು. ಹೆಕ್ಕಿದರೆ ಸಾಕು, ಹತ್ತುವ ಅಗತ್ಯ ಅಷ್ಟಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಜೇನಿನ ವಿಷಯಕ್ಕೆ ಬಂದರೆ, ಗೇರಿನ ಹೂವಿಗೆ ಪರಾಗ ತಂದುಕೊಡುವವುಗಳಲ್ಲಿ ಜೇನ್ನೊಣಗಳಿಗೆ ಮುಖ್ಯ ಸ್ಥಾನ. ಹೂ ಬಿಟ್ಟ ಕಾಲಕ್ಕೆ ವಿಷ ಬಿಟ್ಟರೆ ಹೂವನ್ನು ಕಾಯಿಮಾಡುವವರಿಗೇ ಮೊದಲ ಪೆಟ್ಟು. ಪಡ್ರೆಯ ಕಡೆಯವರು ಮನುಷ್ಯರ ಕಾಯಿಲೆ ಗಮನಕ್ಕೆ ಬರುವ ಮೊದಲೇ ಜೇನು ಇಲ್ಲವಾದುದನ್ನು, ತೋಡಿನಲ್ಲಿ ಮೀನು ಸತ್ತು ತೇಲಿದುದನ್ನು ಕಂಡಿದ್ದರು. ಎಚ್ಚರಿಕೆಯ ಗಂಟೆ ಹೊಡೆದದ್ದು ಬೆನ್ನೆಲುಬಿಲ್ಲದವುಗಳ ಕಡೆಯಿಂದ. ತುಡುವೆ ಜೇನಿಗೆ 1991-92ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕನ್ಯಾಕುಮಾರಿಯ ಕಡೆಯಿಂದ ಬಂದು ಕೇರಳ, ಕರ್ನಾಟಕಗಳ ಪೆಟ್ಟಿಗೆ ಜೇನಿನ ಬಹುಪಾಲನ್ನು ಬರಿದು ಮಾಡಿತು. ಈ ರೋಗ ಮರಿಹುಳಗಳಿಗೆ ತಗಲುತ್ತದೆ. ನೀರು ತುಂಬಿದ ಚೀಲದಂತಾಗಿ ಅವು ಕೋಶದಲ್ಲೇ ಸಾಯುತ್ತವೆ. ಮತ್ತೆ ತುಡುವೆ ಚೇತರಿಸಿಕೊಂಡದ್ದು ರೋಗ ತಾಳಿಕೊಂಡು ಉಳಿದ ಕುಟುಂಬಗಳಿಂದ. ಮುಜಂಟಿ ಜೇನಿಗೆ ಈ ರೋಗ ಬಾಧಿಸಲಿಲ್ಲ.

ಹಾಗಾದರೆ ಬೆಳೆಗೆ ಹಾನಿಮಾಡುವ ಹುಳವನ್ನು ಏನು ಮಾಡಬೇಕು, ಕೈಕಟ್ಟಿ ಕೂರಬೇಕೇ ಎಂದು ಕೃಷಿಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರದ ಒಂದು ಭಾಗ ನಮ್ಮ ಕಾಸರಗೋಡಿನ ಕೂಡ್ಲಿನಲ್ಲೇ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಜಾಗ ಅದು. ತೆಂಗಿನ ಸುಳಿ ಕೊರೆಯುವ ಕುರುವಾಯಿಯ ಮೇಲೆ ಅಲ್ಲಿನವರು ಮಾಡಿದ ಕೆಲಸ ನೋಡಿ. ಕುರುವಾಯಿಯ ದುಂಬಿ ಮರದ ಮೇಲೆ, ಅದರ ಬಿಳಿಯ ದಪ್ಪ ಮರಿಹುಳ ನಮ್ಮ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ. ದುಂಬಿಯನ್ನು ಮರದಲ್ಲಿ ಹುಡುಕುವುದಕ್ಕಿಂತ ಮರಿಯನ್ನು ಗುಂಡಿಯಲ್ಲಿ ಹಿಡಿಯುವುದು ಸುಲಭ. ಅಲ್ಲಿ ಅದಕ್ಕೆ ಹಸುರು ಬೂಸಲು ಹಿಡಿಸುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಬೆರೆಸುತ್ತಾರೆ. ದುಂಬಿಗೆ ತಗಲುವ ಒಂದು ವೈರಸ್ಸನ್ನು 1960ರ ದಶಕದಲ್ಲಿ ಮಲೇಶಿಯದಲ್ಲಿ ಕಂಡುಹಿಡಿದಿದ್ದರು. ಅದನ್ನು ದುಂಬಿಗಳಿಗೇ ಅಂಟಿಸಿ ಬಿಟ್ಟು ಲಕ್ಷದ್ವೀಪದಲ್ಲಿ ಕಾಟ ತಗ್ಗಿಸಿದರು. ಒಂದು ಜೀವಿಯ ಬದುಕನ್ನು ಮೊಟ್ಟೆಯಿಂದ ಸಾವಿನ ತನಕ ತಿಳಿದವರಿಗೆ ಮಾತ್ರ ಹೊಳೆಯುವ ಉಪಾಯಗಳಿವು.

ಇಲ್ಲಿ ಭಾಷೆಯ ಮಾತನ್ನು ಹೇಳದಿರಲಾಗದು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು. ಪರೀಕ್ಷೆಯಲ್ಲಿ ಸಂಧಿಪದಿ ಎಂದು ಬರೆದು ಪೂರ್ಣ ಅಂಕ ಪಡೆದ ಹುಡುಗಿ, ತನ್ನ ಅಜ್ಜಿ ದೆಂಜಿ ಎನ್ನುವುದೂ ಅದನ್ನೇ ಎಂದು ತಿಳಿಯದೆ ಇರುವುದುಂಟು. ತುಡುವೆ, ಕೋಲುಜೇನು, ಹೆಜ್ಜೇನು, ಮುಜಂಟಿ ಎಂದು ನಾಲ್ಕನ್ನು ಬೇರ್ಪಡಿಸುವ ಮಾತು ಹಿರಿಯರಲ್ಲಿದೆ; ಕಿರಿಯರಲ್ಲಿ ಎಲ್ಲವೂ ಬರಿಯ ಜೇನು, ಉಳಿದುದೆಲ್ಲ ಬರಿಯ ಹುಳ. ಎಲ್ಲವನ್ನೂ ಹುಳ ಎಂದು ಕರೆದವನಿಗೆ ಎಲ್ಲಕ್ಕೂ ಒಂದೇ ಮದ್ದು ಸಾಕೆಂದು ಅಂಗಡಿಯವನು ಹೇಳಿದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಈ ಹೆಸರುಗಳನ್ನು ಮೂರು ಭಾಷೆಗಳಲ್ಲಿಯೂ ಬರೆಸಿ ಇಡುವ ಕೆಲಸವನ್ನು ಶಾಲೆಗಳಲ್ಲಿ ಮಾಡಿಸಬಹುದು; ಖರ್ಚು ಒಂದು ನೋಟು ಪುಸ್ತಕದ್ದು.

ಕಂಗಿನ ತೋಟದವರಿಗೆ ಒಂದು ಮಾತು ಉಳಿದಿದೆ. ಬೇರುಹುಳದ ಕಾಟವಿರುವಲ್ಲಿ ಅದರ ದುಂಬಿ ಮಣ್ಣಿನಿಂದ ಮೇಲೇಳುವುದು ಮುಂಗಾರು ಕಾಲೂರಿದ ಮೊದಲ ವಾರಗಳಲ್ಲಿ, ಅದೂ ಮುಸ್ಸಂಜೆಯ ಅರ್ಧ ಗಂಟೆಯ ಹೊತ್ತು ಮಾತ್ರ. ಆಗ ಒಂದು ಬಾಲ್ದಿಯಲ್ಲಿ ನೀರು ಹಿಡಿದುಕೊಂಡು ಮನೆಯವರೆಲ್ಲ ತೋಟಕ್ಕಿಳಿದರೆ ಕೈಯಿಂದಲೇ ಹಿಡಿದು ಹಾಕಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ, ಕೈಗೊಂದು ಟಾರ್ಚು ಕೊಡಿ. ಎರೆಹುಳ ಸಿಕ್ಕಿದರೆ ಬಾಲ್ದಿಗೆ ಹಾಕದಂತೆ ಮೊದಲೇ ಹೇಳಿಡಿ.